ಫ್ಲಾಟಿನಲ್ಲಿ ಇದ್ದುಕೊಂಡು ಕನೂ ಇಟ್ಟುಕೊಳ್ಳೋದು ಹೇಗೆ? ಮೂರು ರಾತ್ರಿಯ ನೀರಿನ ಪ್ರವಾಸಕ್ಕೆ ಸಲಹೆ ಬೇಕು

ಯಲಹಂಕದ ಅಲೆಮಾರಿ:

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಹೆಂಡತಿ ಇಬ್ಬರಿಗೂ ಚಾರಣ ಮಾಡಿ ಅಭ್ಯಾಸ. ಈಗ ನೀರಿನ ಕಡೆ ಮನಸ್ಸು ಹೋಗಿದೆ. ಟೆಂಟು, ಒಲೆ, ಅಕ್ಕಿ ಬೇಳೆ ಎಲ್ಲ ದೋಣಿಗೆ ಹಾಕಿಕೊಂಡು, ದಂಡೆಯಲ್ಲಿ ಮಲಗುತ್ತಾ ಮೂರು ರಾತ್ರಿ ಹೋಗಬೇಕು ಅಂತ ಆಸೆ. ಕಯಾಕ್‌ನಲ್ಲಿ (ಕಿರಿದಾದ, ಹೆಚ್ಚಾಗಿ ಮೇಲ್ಭಾಗ ಮುಚ್ಚಿದ ದೋಣಿ) ಅಷ್ಟು ಸಾಮಾನು ಹಿಡಿಸಲ್ಲ, ಮೇಲೆ ತೆರೆದಿರುವ ಉದ್ದನೆಯ ಹುಟ್ಟುದೋಣಿ ಕನೂನೇ ಸರಿ ಅಂತ ಓದಿದೆ. ಹದಿನೇಳು ಅಡಿಯ ಫೈಬರ್ ಕನೂ ಮಾಡಿಸೋಣ ಅಂತಿದ್ದೇನೆ. ಮನೆ ಮೂರನೇ ಮಹಡಿಯ ಫ್ಲಾಟು, ಕಾರು ಚಿಕ್ಕದು. ಶ್ರೀರಂಗಪಟ್ಟಣದಿಂದ ತಲಕಾಡಿನ ತನಕ ಕಾವೇರಿಯಲ್ಲಿ ಹೋಗಬಹುದಾ? ಇಲ್ಲಾಂದ್ರೆ ಶರಾವತಿ ಹಿನ್ನೀರು. ಯಾವ ದೋಣಿ, ಏನೇನು ಸಾಮಾನು ಅಂತ ತಿಳಿದವರು ಹೇಳಿ.

ಜಯನಗರ ನಾಲ್ಕನೇ ಬ್ಲಾಕ್:

ಕೆಲಸದ ಮೇಲೆ ಅಮೆರಿಕದ ಮಿನ್ನೆಸೋಟಾದಲ್ಲಿ ಕೆಲವು ವರ್ಷ ಇದ್ದೆ. ಅಲ್ಲಿ ಕೆನಡಾ ಗಡಿಗೆ ಅಂಟಿಕೊಂಡು ಬೌಂಡರಿ ವಾಟರ್ಸ್ ಅಂತ ಕಾಡಿದೆ. ಸಾವಿರಕ್ಕೂ ಹೆಚ್ಚು ಕೆರೆಗಳು. ಒಂದು ಕೆರೆ ಮುಗಿದರೆ ದೋಣಿಯನ್ನು ಹೆಗಲ ಮೇಲೆ ಹೊತ್ತು ಮುಂದಿನ ಕೆರೆಗೆ ನಡೆಯಬೇಕು. ಹಾಗಾಗಿ ಅಲ್ಲಿ ಎಲ್ಲರೂ ಮೊದಲು ಕೇಳೋದು ತೂಕವನ್ನು. ವೆನೋನಾ ಕಂಪನಿಯ ಮಿನ್ನೆಸೋಟಾ-2 ಅನ್ನುವ, ಕೆವ್ಲಾರ್ ಎಂಬ ಹಗುರವಾದ ಗಟ್ಟಿ ನಾರಿನಿಂದ ಮಾಡಿದ ಕನೂ ಹದಿನೆಂಟೂವರೆ ಅಡಿ ಉದ್ದ, ಆದರೆ ತೂಕ 19 ಕೆಜಿ ಅಷ್ಟೇ. ಒಬ್ಬರೇ ಹೊತ್ತು ನಡೀತಾರೆ. ಅದನ್ನು ಬಂಡೆಯ ಮೇಲೆ ಎಳೆದರೆ ಮಾತ್ರ ಮುಗೀತು. ಪಾಲಿಥಿಲೀನ್ ಪ್ಲಾಸ್ಟಿಕ್ಕಿನ ಕನೂ 35 ಕೆಜಿ ದಾಟುತ್ತದೆ, ಬಂಡೆಗೆ ಉಜ್ಜಿದರೂ ಕೇರ್ ಮಾಡಲ್ಲ. ಇವೆರಡರ ಮಧ್ಯೆ ರಾಯಲೆಕ್ಸ್ ಅಂತ ಒಂದಿತ್ತು. ಎಬಿಎಸ್ ಪ್ಲಾಸ್ಟಿಕ್ ಪದರಗಳ ನಡುವೆ ಫೋಮ್. ತಗ್ಗಿದರೂ ಮತ್ತೆ ಉಬ್ಬಿಕೊಳ್ಳುತ್ತಿತ್ತು. ಕಲ್ಲು ನದಿಯಲ್ಲಿ ಹೋಗುವವರಿಗೆ ಅದರ ಮೇಲೆ ಬಹಳ ಪ್ರೀತಿ. 2014ರ ಹೊತ್ತಿಗೆ ಅದರ ತಯಾರಿಕೆಯೇ ನಿಂತುಹೋಯಿತು. ಈಗ ಆ ಜಾಗಕ್ಕೆ ಟಿ-ಫಾರ್ಮೆಕ್ಸ್ ಬಂದಿದೆ.

ಆಕಾರದ ಬಗ್ಗೆ. ಇಬ್ಬರು ಮತ್ತು ಮೂರು ದಿನದ ಸಾಮಾನಿಗೆ 16ರಿಂದ 17 ಅಡಿ ಅನ್ನೋದು ಸರಿಯಾದ ಲೆಕ್ಕವೇ. ತಳ ಪೂರ್ತಿ ಚಪ್ಪಟೆ ಇದ್ದರೆ ಕೂತ ತಕ್ಷಣ ಗಟ್ಟಿ ಅನ್ನಿಸುತ್ತದೆ. ಆದರೆ ಅಲೆ ಬದಿಯಿಂದ ಬಂದಾಗ ಥಟ್ಟನೆ ಮಗುಚೋದು ಅದೇ. ಸ್ವಲ್ಪ ದುಂಡಗಿನ ತಳ ಮೊದಲಿಗೆ ಅಲ್ಲಾಡುತ್ತದೆ, ವಾಲಿದ ಮೇಲೆ ಹಿಡಿದುಕೊಳ್ಳುತ್ತದೆ. ಇನ್ನು ರಾಕರ್. ಪಕ್ಕದಿಂದ ನೋಡಿದಾಗ ತಳದ ಎರಡೂ ತುದಿ ಮೇಲಕ್ಕೆ ಬಾಗಿರುವುದಕ್ಕೆ ಹಾಗನ್ನುತ್ತಾರೆ. ಬಾಗು ಜಾಸ್ತಿ ಇದ್ದರೆ ಬೇಗ ತಿರುಗುತ್ತದೆ, ನದಿಯ ರಭಸಕ್ಕೆ ಒಳ್ಳೆಯದು. ನೇರ ಇದ್ದರೆ ಗೆರೆ ಎಳೆದಂತೆ ಹೋಗುತ್ತದೆ, ಹಿನ್ನೀರಿಗೆ ಒಳ್ಳೆಯದು. ಎರಡಕ್ಕೂ ಹೊಂದುವ ಹಳೆಯ ನಮೂನೆ ಪ್ರಾಸ್ಪೆಕ್ಟರ್. ಕೆನಡಾದ ಚೆಸ್ಟ್‌ನಟ್ ಕಂಪನಿಯದು. ಇವತ್ತಿಗೂ ಎಷ್ಟೋ ಕಂಪನಿಗಳು ಅದೇ ಹೆಸರಿಟ್ಟು ಮಾಡುತ್ತವೆ. ಫೈಬರ್ ಮಾಡಿಸುವುದೇ ಆದರೆ ಆ ನಕ್ಷೆ ಹಿಡಿದುಕೊಂಡು ಹೋಗಿ. ಸುಮ್ನೆ "ಒಂದು ದೋಣಿ ಮಾಡಿಕೊಡಿ" ಅಂದರೆ ಮೀನು ಹಿಡಿಯುವ ದೋಣಿಯ ದಪ್ಪಕ್ಕೆ ಫೈಬರ್ ಹಾಕಿ ಕೊಡುತ್ತಾರೆ. ಆಮೇಲೆ ಎತ್ತೋಕೆ ನಾಲ್ಕು ಜನ ಬೇಕು.

ಪಾರ್ಕಿಂಗ್ ಜಗಳ:

ಎಲ್ಲ ಸರಿ. ಹದಿನೇಳು ಅಡಿ ಅಂದರೆ ಐದು ಮೀಟರ್ ಮೇಲಾಯಿತು. ನಿಮ್ಮ ಕಾರೇ ನಾಲ್ಕು ಮೀಟರ್ ಇದ್ದರೆ ಹೆಚ್ಚು. ಲಿಫ್ಟಿನಲ್ಲಿ ಹೋಗಲ್ಲ. ಮೆಟ್ಟಿಲಿನ ತಿರುವಿನಲ್ಲಿ ತಿರುಗಲ್ಲ. ಬೇಸ್‌ಮೆಂಟಿನಲ್ಲಿ ಇಟ್ಟರೆ ಅಸೋಸಿಯೇಷನ್ ಅಧ್ಯಕ್ಷರು ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕುತ್ತಾರೆ. ನಾವು ಒಂದು ಹಳೆಯ ಸೈಕಲ್ ಇಟ್ಟಿದ್ದಕ್ಕೇ ನೋಟಿಸು ಬಂತು ಮಾರಾಯ್ರೆ.

ಯಲಹಂಕದ ಅಲೆಮಾರಿ:

ಸೈಕಲ್ಲಿನ ಕಥೆ ಕೇಳಿ ಹೆಂಡತಿ ನಗುತ್ತಿದ್ದಾಳೆ. ಆದರೆ ಪ್ರಶ್ನೆ ನಿಜ. ಗಾಳಿ ತುಂಬುವ ದೋಣಿ ಅಂದರೆ ಮಕ್ಕಳ ಆಟಿಕೆ ಅಂತ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಅದು ತಪ್ಪಾ?

ಸಾಗರದ ಅಡಿಕೆ:

ಅರ್ಧ ತಪ್ಪು. ಈಜುಕೊಳಕ್ಕೆ ಮಾಡಿದ ತೆಳು ವಿನೈಲ್ ದೋಣಿಗಳು ಆಟಿಕೆಯೇ. ಅವನ್ನು ಹಿನ್ನೀರಿಗೆ ತರಬೇಡಿ. ಆದರೆ ದಪ್ಪ ಪಿವಿಸಿ ಬಟ್ಟೆಯವು, ಡ್ರಾಪ್-ಸ್ಟಿಚ್ ತಳದವು ಬೇರೆಯೇ ಜಾತಿ. ಡ್ರಾಪ್-ಸ್ಟಿಚ್ ಅಂದರೆ ಮೇಲಿನ ಪದರ, ಕೆಳಗಿನ ಪದರಗಳನ್ನು ಒಳಗೆ ಸಾವಿರಾರು ದಾರಗಳಿಂದ ಹೊಲಿದಿರುತ್ತಾರೆ. ಗಾಳಿ ತುಂಬಿದರೂ ದುಂಡಗೆ ಉಬ್ಬುವುದಿಲ್ಲ, ಹಲಗೆಯಂತೆ ಗಟ್ಟಿಯಾಗುತ್ತದೆ. ಡೆಕಾಥ್ಲಾನ್‌ನ ಗಾಳಿ ತುಂಬುವ ಕಯಾಕ್‌ಗಳಲ್ಲಿ ಎರಡೂ ಬಗೆ ಇವೆ. ಹೋಗಿ ಒಮ್ಮೆ ಮುಟ್ಟಿ ನೋಡಿ, ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಚೌಕಟ್ಟು ಜೋಡಿಸಿ ಬಟ್ಟೆ ಎಳೆಯುವ ಮಡಚುವ ಕನೂಗಳೂ ಇವೆ, ನಾರ್ವೆಯ ಆಲಿ ತರಹದವು. ನೀರಿನಲ್ಲಿ ನಿಜವಾದ ಕನೂ ತರಹವೇ ಹೋಗುತ್ತವೆ. ಬೆಲೆ ಕೇಳಿದರೆ ಸುಮ್ಮನಾಗುತ್ತೀರಿ.

ನಮ್ಮ ಕಡೆಯ ವಿಷಯ ಹೇಳುತ್ತೇನೆ. ಶರಾವತಿ ಹಿನ್ನೀರು ನಿಂತಿರೋದು ಲಿಂಗನಮಕ್ಕಿ ಅಣೆಕಟ್ಟಿನಿಂದ. ಅದು 1964ರದ್ದು. ಪೂರ್ತಿ ಮಟ್ಟ ಸಮುದ್ರದಿಂದ 1819 ಅಡಿ. ಮಳೆಗಾಲ ಮುಗಿದ ಮೇಲೆ ನೀರು ತುಂಬಿರುತ್ತದೆ, ಆಗ ಚೆಂದ. ಬೇಸಿಗೆ ಹತ್ತಿರ ಬಂದಂತೆ ನೀರು ಇಳಿದು ಮುಳುಗಿದ ಕಾಡಿನ ಮರದ ಬೊಡ್ಡೆಗಳು ಮೇಲೆ ಬರುತ್ತವೆ. ಕಾಣುವ ಬೊಡ್ಡೆಗೆ ಹೆದರಬೇಕಿಲ್ಲ. ನೀರಿನ ಕೆಳಗೆ ಒಂದು ಗೇಣು ಆಳದಲ್ಲಿ ಇರೋದು ಗಾಳಿ ದೋಣಿಯ ಹೊಟ್ಟೆ ಸೀಳುತ್ತದೆ. ಅದಕ್ಕೇ ಅಕ್ಟೋಬರ್‌ನಿಂದ ಜನವರಿಯೊಳಗೆ ಬನ್ನಿ. ದಂಡೆ ಸೇರುವಾಗ ಮುಂದೆ ಕೂತವರು ಹುಟ್ಟಿನಿಂದ ನೀರು ಚುಚ್ಚಿ ನೋಡುತ್ತಾ ಬರಲಿ.

ಗಾಳಿ ದೋಣಿಯ ಇನ್ನೊಂದು ಲಾಭ ಯಾರೂ ಹೇಳಲ್ಲ. ಅದು ಚೀಲದಲ್ಲಿ ಹಿಡಿಯುತ್ತದೆ. ಬೆಂಗಳೂರಿನಲ್ಲಿ ರಾತ್ರಿ ತಾಳಗುಪ್ಪ ರೈಲು ಹತ್ತಿ, ಬೆಳಿಗ್ಗೆ ಇಳಿದು, ಆಟೋ ಮಾಡಿಕೊಂಡು ನೀರಿಗೆ ಬನ್ನಿ. ಕಾರೇ ಬೇಡ. ಹೊರಟ ಜಾಗ ಒಂದು, ಮುಗಿಸುವ ಜಾಗ ಇನ್ನೊಂದು ಆದಾಗ ಕಾರು ಎಲ್ಲಿ ಬಿಡೋದು ಅನ್ನುವ ತಲೆನೋವೂ ಇಲ್ಲ.

ಕನಕಪುರ ರಸ್ತೆ ಫೈಬರ್:

ಗಟ್ಟಿ ದೋಣಿಯ ಪರವಾಗಿ ನಾನೊಬ್ಬ ಇದ್ದೇನೆ. ಹಾರೋಹಳ್ಳಿ ಹತ್ತಿರ ಸೈಟಿನಲ್ಲಿ ತಗಡಿನ ಶೆಡ್ ಹಾಕಿ ಹದಿನಾರು ಅಡಿಯದನ್ನು ಮಗುಚಿ ಇಟ್ಟಿದ್ದೇನೆ. ಗಾಳಿ ಬಂದಾಗ ನಿಮ್ಮ ಉಬ್ಬಿದ ದೋಣಿ ಒಣ ಎಲೆ ತರಹ ಪಕ್ಕಕ್ಕೆ ಹೋಗುತ್ತದೆ. ಮಧ್ಯಾಹ್ನದ ಮೇಲೆ ಹಿನ್ನೀರಿನಲ್ಲಿ ಗಾಳಿ ಏಳೋದು ಇದ್ದಿದ್ದೇ. ನಾನು ಅದೇ ಗಾಳಿಯಲ್ಲಿ ಮೊಣಕಾಲೂರಿ ಕೂತು ನೇರ ಹೋಗುತ್ತೇನೆ. ಬಂಡೆ ತಾಗಿ ಸೀಳಿದರೆ ಫೈಬರ್ ಬಟ್ಟೆ, ರೆಸಿನ್ ಹಾಕಿ ಮನೆಯಲ್ಲೇ ರಿಪೇರಿ.

ಸಾಗಿಸುವ ಬಗ್ಗೆ ಒಂದು ಮಾತು. ಕಾರಿನ ಮೇಲೆ ದೋಣಿ ಕಟ್ಟುವಾಗ ರ‍್ಯಾಚೆಟ್ ಪಟ್ಟಿ ಹಾಕಿ ಕಟಕಟ ಅಂತ ಬಿಗಿಯಬೇಡಿ. ಫೈಬರ್ ಸದ್ದಿಲ್ಲದೆ ಬಿರಿಯುತ್ತದೆ. ಬಕಲ್ ಇರುವ ಸಾದಾ ಪಟ್ಟಿ ಎರಡು, ಜೊತೆಗೆ ಮೂತಿಯಿಂದ ಬಂಪರ್‌ಗೆ ಒಂದು ಹಗ್ಗ, ಬಾಲದಿಂದ ಇನ್ನೊಂದು. ಹೆದ್ದಾರಿಯಲ್ಲಿ ಲಾರಿ ಪಕ್ಕದಲ್ಲಿ ಹೋದಾಗ ಮೂತಿಯ ಹಗ್ಗ ಯಾಕೆ ಬೇಕು ಅಂತ ಗೊತ್ತಾಗುತ್ತದೆ. ಹಿಂದೆ ಚಾಚಿದ ಭಾಗಕ್ಕೆ ಕೆಂಪು ಬಟ್ಟೆ ಕಟ್ಟಿ.

ಸಾಗರದ ಅಡಿಕೆ:

ಅಣ್ಣ, ನಿಮಗೆ ಶೆಡ್ ಇದೆ. ಅವರಿಗೆ ಮೂರನೇ ಮಹಡಿ ಇದೆ. ಅಲ್ಲೇ ಮಾತು ಮುಗೀತಲ್ವಾ?

ಕನಕಪುರ ರಸ್ತೆ ಫೈಬರ್:

ಗಾಳಿಯ ಮಾತು ಮುಗಿದಿಲ್ಲ.

ನರಸೀಪುರದ ಕಡವು:

ಕಾವೇರಿಯ ಆಸೆ ಬಿಡಿ ಸಾರ್. ಮ್ಯಾಪಿನಲ್ಲಿ ನೀಲಿ ಗೆರೆ ಚೆಂದವಾಗಿ ಕಾಣುತ್ತದೆ. ನಮ್ಮ ಊರಿನಲ್ಲಿ ಕಪಿಲೆ ಸೇರಿದ ಮೇಲೆ ನದಿ ಅಗಲವಾಗಿ ಶಾಂತವಾಗಿ ಕಾಣೋದೂ ನಿಜ. ಆದರೆ ಶ್ರೀರಂಗಪಟ್ಟಣದ ಹತ್ತಿರ ರಂಗನತಿಟ್ಟು ಪಕ್ಷಿಧಾಮ. ಅಲ್ಲಿ ನಿಮ್ಮ ದೋಣಿಗೆ ಪ್ರವೇಶವಿಲ್ಲ, ಮೊಸಳೆಗಳಿಗೆ ಮಾತ್ರ ಇದೆ. ಅದರ ಕೆಳಗೆ ನಾಲೆಗೆ ನೀರು ತಿರುಗಿಸಲು ಕಟ್ಟಿದ ಹಳೆಯ ಅಣೆಗಳು. ತಲಕಾಡಿನ ಮೇಲ್ಭಾಗದ ಮಾಧವಮಂತ್ರಿ ಅಣೆ ಅದರಲ್ಲಿ ಒಂದು. ದೊಡ್ಡ ಅಣೆಕಟ್ಟು ದೂರದಿಂದ ಕಾಣುತ್ತದೆ. ಈ ತಗ್ಗು ಅಣೆಗಳು ದೋಣಿಯಲ್ಲಿ ಕೂತವರಿಗೆ ಕಾಣೋದೇ ಇಲ್ಲ. ಮುಂದೆ ನೀರಿನ ಮೇಲೆ ಒಂದು ನೇರ ಗೆರೆ, ಅಷ್ಟೇ. ಅದರ ಮೇಲಿಂದ ಬಿದ್ದ ನೀರು ಕೆಳಗೆ ಹೋಗಿ, ಮತ್ತೆ ಗೋಡೆ ಕಡೆಗೇ ಉರುಳಿ ಬರುತ್ತದೆ. ಅಲ್ಲಿ ಸಿಕ್ಕಿದ ಮರದ ತುಂಡು ಗಂಟೆಗಟ್ಟಲೆ ಅಲ್ಲೇ ತಿರುಗುತ್ತಿರುತ್ತದೆ. ಮನುಷ್ಯನೂ ಹಾಗೇ, ಲೈಫ್ ಜಾಕೆಟ್ ಇದ್ದರೂ.

ಮರಳು ತೆಗೆದ ಗುಂಡಿಗಳು ಇನ್ನೊಂದು. ಮೊಣಕಾಲು ನೀರು ಅಂತ ಇಳಿದು ದೋಣಿ ಎಳೆಯುತ್ತಿರುತ್ತೀರಿ, ಮುಂದಿನ ಹೆಜ್ಜೆಗೆ ನೆಲವೇ ಇರಲ್ಲ. ಮೀನಿನ ಬಲೆಗಳು ಅಡ್ಡ ಇರುತ್ತವೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ರಾತ್ರೋರಾತ್ರಿ ಅದು ದಂಡೆಯ ಮೇಲಕ್ಕೆ ಏರುತ್ತದೆ. ಶಿವನಸಮುದ್ರದಲ್ಲಿ ಜಲಪಾತ, ಅದರ ಕೆಳಗೆ ಕಾವೇರಿ ವನ್ಯಜೀವಿಧಾಮ. ಭೀಮೇಶ್ವರಿ, ಗಾಲಿಬೋರೆ ಕಡೆ ಕಂಡಲ್ಲಿ ಟೆಂಟು ಹಾಕುವ ಹಾಗಿಲ್ಲ. ಭೀಮೇಶ್ವರಿಯಲ್ಲಿ ಜಂಗಲ್ ಲಾಡ್ಜಸ್‌ನವರ ಕ್ಯಾಂಪ್ ಇದೆ, ಅಲ್ಲಿ ಉಳಿದು ಅವರ ಜೊತೆಯಲ್ಲೇ ನೀರಿಗೆ ಇಳಿಯಿರಿ. ಆನೆ ನೀರಿಗೆ ಬರುವ ದಾರಿಯಲ್ಲಿ ಟೆಂಟು ಹಾಕಿದವರ ಧೈರ್ಯ ಮೆಚ್ಚಬೇಕು, ಬುದ್ಧಿಯನ್ನಲ್ಲ.

ಆನೆಗೊಂದಿ ಹುಡುಗ:

ಇಷ್ಟೆಲ್ಲ ಯಾಕೆ ಗುರು, ಹರಿಗೋಲು ತಗೊಳ್ಳಿ! ನಮ್ಮೂರಿನಲ್ಲಿ ಬಿದಿರಿನ ಹೆಣಿಗೆ, ಮೇಲೆ ಪ್ಲಾಸ್ಟಿಕ್ ಚೀಲ, ಡಾಂಬರು. ಹಿಂದೆ ಚರ್ಮ ಹೊದಿಸುತ್ತಿದ್ದರು. ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಬುಟ್ಟಿಯಂಥ ಈ ದೋಣಿಗಳ ಬಗ್ಗೆ ಬರೆದಿದ್ದಾನೆ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ ಅಂತ. ನಿಮ್ಮ ಟೆಂಟು, ಒಲೆ ಯಾವ ಲೆಕ್ಕ?

ಜಯನಗರ ನಾಲ್ಕನೇ ಬ್ಲಾಕ್:

ಹೊರೆ ಹೊರುವುದರಲ್ಲಿ ಹರಿಗೋಲನ್ನು ಮೀರಿಸಿದ್ದಿಲ್ಲ, ಒಪ್ಪಿದೆ. ಈ ದಂಡೆಯಿಂದ ಆ ದಂಡೆಗೆ ದಾಟಲು ಅದು ರಾಜ. ಆದರೆ ದುಂಡಗಿದೆ, ಮೂತಿಯೇ ಇಲ್ಲ. ನಿಂತ ನೀರಿನಲ್ಲಿ ಹತ್ತು ಕಿಲೋಮೀಟರ್ ಹುಟ್ಟು ಹಾಕಿದರೆ ಅರ್ಧ ಶಕ್ತಿ ಅದು ತಿರುಗದ ಹಾಗೆ ನೋಡಿಕೊಳ್ಳುವುದಕ್ಕೇ ಹೋಗುತ್ತದೆ. ನಿಮ್ಮೂರಿನ ಅಂಬಿಗರ ಕೈ ನಮಗಿಲ್ಲ.

ಆನೆಗೊಂದಿ ಹುಡುಗ:

ಅದು ಸರಿ ಬಿಡಿ, ನಮ್ಮ ಮಾವನಿಗೆ ಬರುತ್ತದೆ, ನನಗೂ ಬರಲ್ಲ. ಈ ಕಡೆ ಬರುವ ಯೋಚನೆ ಇದ್ದರೆ ಒಂದು ವಿಷಯ. ತುಂಗಭದ್ರೆಯ ಒಂದು ಭಾಗವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ನಡುಗಡ್ಡೆಯಲ್ಲಿ ಟೆಂಟು ಹಾಕುವ ಮುಂಚೆ ಅರಣ್ಯ ಕಚೇರಿಯಲ್ಲಿ ಕೇಳಿ.

ಯಲಹಂಕದ ಅಲೆಮಾರಿ:

ಕಾವೇರಿ ಕೈಬಿಟ್ಟೆ. ಶರಾವತಿ ಅಂತಲೇ ಇಟ್ಟುಕೊಳ್ಳೋಣ. ಈಗ ಸಾಮಾನಿನ ಪ್ರಶ್ನೆ. ನೋಡಿದ ಇಬ್ಬರ ಗಾಳಿ ದೋಣಿಯ ಮೇಲೆ 200 ಕೆಜಿ ಮಿತಿ ಅಂತ ಬರೆದಿದೆ. ನಾವಿಬ್ಬರೂ ಸೇರಿ 140.

ಜಯನಗರ ನಾಲ್ಕನೇ ಬ್ಲಾಕ್:

ಹಾಗಾದರೆ ಲೆಕ್ಕ ಹಾಕೋಣ. ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ 4 ಲೀಟರ್ ಅಂದರೂ ಇಬ್ಬರಿಗೆ ಮೂರು ದಿನಕ್ಕೆ 24 ಕೆಜಿ ನೀರೇ ಆಯಿತು. ಟೆಂಟು, ಹೊದಿಕೆ, ಒಲೆ, ಊಟ, ಬಟ್ಟೆ, ಪಂಪ್, ಹಗ್ಗ ಸೇರಿ ಬಿಗಿಯಾಗಿ ಕಟ್ಟಿದರೂ 35. ಒಟ್ಟು 199. ಕಾಗದದ ಮೇಲೆ ಸರಿ, ನೀರಿನ ಮೇಲೆ ಸರಿಯಲ್ಲ. ಮಿತಿ ಅಂದರೆ ಅಷ್ಟು ಹಾಕಿ ಅಂತಲ್ಲ, ಅದಕ್ಕಿಂತ ಬಹಳ ಕೆಳಗೆ ಇರಿ ಅಂತ. ಕನೂನಲ್ಲಿ ಒಂದು ಹಳೆಯ ನಿಯಮ ಇದೆ. ಎಲ್ಲ ತುಂಬಿದ ಮೇಲೆ ನೀರಿನಿಂದ ದೋಣಿಯ ಅಂಚಿಗೆ ಕನಿಷ್ಠ 15 ಸೆಂಟಿಮೀಟರ್ ಎತ್ತರ ಉಳಿದಿರಬೇಕು.

ಭಾರ ಇಳಿಸಲು ಸುಲಭದ ಜಾಗ ನೀರು. ಸುತ್ತ ನೀರೇ ಇರುವಾಗ 24 ಕೆಜಿ ಯಾಕೆ ಹೊರಬೇಕು? ಒಳ್ಳೆಯ ಫಿಲ್ಟರ್ ಒಂದು, ಅದರ ಮೇಲೆ ಕುದಿಸುವುದು. ದೋಣಿಯಲ್ಲಿ 6 ಲೀಟರ್ ಇದ್ದರೆ ಸಾಕು. 18 ಕೆಜಿ ಇಳಿಯಿತು. ಚಾರಣದ ಟೆಂಟು ನಿಮ್ಮ ಹತ್ತಿರ ಹೇಗೂ ಹಗುರವಾದದ್ದೇ ಇರುತ್ತದೆ. ಕುರ್ಚಿ ಬೇಡ. ಕಬ್ಬಿಣದ ಬಾಣಲೆ ಬೇಡ. ಸಾಧ್ಯವಾದರೆ ಮೂರು ಜನರ ದೋಣಿ ತಗೊಂಡು ಇಬ್ಬರೇ ಕೂತುಕೊಳ್ಳಿ, ಮಧ್ಯದ ಸೀಟು ತೆಗೆದು ಅಲ್ಲಿ ಸಾಮಾನು. ನನಗೆ ಕೇಳಿದರೆ ಅದೇ ಸರಿಯಾದ ದೋಣಿ.

ಜೋಡಿಸುವಾಗ ಭಾರದ್ದು ಕೆಳಗೆ, ಮಧ್ಯಕ್ಕೆ. ದೋಣಿ ಮಟ್ಟವಾಗಿ, ಇಲ್ಲವೇ ಹಿಂದೆ ಕೂದಲೆಳೆಯಷ್ಟು ಭಾರವಾಗಿ ಇರಲಿ. ಎದುರು ಗಾಳಿ ಎದ್ದರೆ ಒಂದು ಚೀಲ ಮುಂದಕ್ಕೆ ತಳ್ಳಿ. ಮೂತಿ ಹಗುರ ಇದ್ದರೆ ಗಾಳಿ ಅದನ್ನೇ ಹಿಡಿದು ತಿರುಗಿಸುತ್ತದೆ. ಫೈಬರ್ ಸಾರ್ ಹೇಳಿದ ಗಾಳಿಯ ಮಾತಿಗೆ ಅರ್ಧ ಉತ್ತರ ಇದು. ಇನ್ನರ್ಧ, ಬೆಳಗಿನ ಜಾವ ಹೊರಟು ಮಧ್ಯಾಹ್ನಕ್ಕೆ ಮುಂಚೆ ದಂಡೆ ಸೇರೋದು. ದಿನಕ್ಕೆ 10-12 ಕಿಲೋಮೀಟರ್‌ಗಿಂತ ಜಾಸ್ತಿ ಯೋಜನೆ ಹಾಕಬೇಡಿ.

ಪಾರ್ಕಿಂಗ್ ಜಗಳ:

ಸಾಮಾನು ಒದ್ದೆಯಾಗದ ಹಾಗೆ ಮಾಡೋದಕ್ಕೆ ಅಷ್ಟು ದುಡ್ಡಿನ ಡ್ರೈ ಬ್ಯಾಗೇ ಬೇಕಾ? ಬೆಂಗಳೂರಿನಲ್ಲಿ ಅಗ್ಗದ ದಾರಿ ಇಲ್ವಾ?

ಕನಕಪುರ ರಸ್ತೆ ಫೈಬರ್:

ನೀಲಿ ಡ್ರಮ್. ಅಗಲ ಬಾಯಿ, ಕಬ್ಬಿಣದ ಪಟ್ಟಿಯ ಮುಚ್ಚಳ, ಒಳಗೆ ರಬ್ಬರ್ ರಿಂಗ್. ಕೆನಡಾದವರೂ ಊಟ ಇಡೋದು ಇಂಥ 30, 60 ಲೀಟರ್ ಡ್ರಮ್ಮಿನಲ್ಲೇ. ಹಳೆಯದು ತಗೊಂಡರೆ ಒಳಗೆ ಏನಿತ್ತು ಅಂತ ಕೇಳಿ. ಉಪ್ಪಿನಕಾಯಿ ಇದ್ದದ್ದಾದರೆ ಸರಿ, ಕೆಮಿಕಲ್ ಇದ್ದದ್ದು ಬೇಡ. ಉಪ್ಪಿನಕಾಯಿ ವಾಸನೆ ಜನ್ಮಕ್ಕೂ ಹೋಗಲ್ಲ ಅನ್ನೋದು ಬೇರೆ ಮಾತು. ಪಂಕ್ಚರ್ ಅಂಗಡಿಯಲ್ಲಿ ಹಳೆಯ ಲಾರಿ ಟ್ಯೂಬ್ ಕೇಳಿ, ಅಡ್ಡಕ್ಕೆ ಕತ್ತರಿಸಿದರೆ ಸೊಗಸಾದ ರಬ್ಬರ್ ಪಟ್ಟಿಗಳು. ಮಲಗುವ ಚೀಲಕ್ಕೆ ಮಾತ್ರ ದುಡ್ಡು ಹಾಕಿ ಸರಿಯಾದ ಡ್ರೈ ಬ್ಯಾಗ್ ತಗೊಳ್ಳಿ. ಬಾಯನ್ನು ಮೂರು ನಾಲ್ಕು ಸುತ್ತು ಸುತ್ತಿಯೇ ಬಕಲ್ ಹಾಕಬೇಕು.

ಗಾಳಿ ದೋಣಿಯಲ್ಲಿ ಡ್ರಮ್ಮಿನ ಕಬ್ಬಿಣದ ಪಟ್ಟಿ ಟ್ಯೂಬಿಗೆ ಉಜ್ಜದ ಹಾಗೆ ಹಳೆಯ ಯೋಗ ಮ್ಯಾಟ್ ಹಾಸಿ. ನನ್ನ ದೋಣಿಯಲ್ಲಿ ಅದೇ ಮ್ಯಾಟ್ ಮೊಣಕಾಲಿನ ಕೆಳಗಿದೆ.

ಮಲ್ಲೇಶ್ವರದ ಈಜುಗಾರ್ತಿ:

ಇಷ್ಟು ಹೊತ್ತು ಓದುತ್ತಿದ್ದೆ. ದೋಣಿ, ಡ್ರಮ್ಮು, ಉಪ್ಪಿನಕಾಯಿ ಎಲ್ಲ ಆಯಿತು. ಇಬ್ಬರಿಗೂ ಈಜು ಬರುತ್ತದಾ ಅಂತ ಯಾರೂ ಕೇಳಲಿಲ್ಲ.

ಲೈಫ್ ಜಾಕೆಟ್ ದೋಣಿಯಲ್ಲಿ ಇದ್ದರೆ ಸಾಲದು, ಮೈಮೇಲೆ ಇರಬೇಕು. ಬಾಡಿಗೆ ದೋಣಿಗಳಲ್ಲಿ ಕೊಡುವ ದಪ್ಪ ಕಿತ್ತಳೆ ಜಾಕೆಟ್ ಹಾಕಿಕೊಂಡು ಇಡೀ ದಿನ ಹುಟ್ಟು ಹಾಕೋಕೆ ಆಗಲ್ಲ, ಕಂಕುಳು ಉಜ್ಜುತ್ತದೆ. ಆಮೇಲೆ ಬಿಚ್ಚಿ ಪಕ್ಕಕ್ಕೆ ಇಡುತ್ತಾರೆ. ಹುಟ್ಟು ಹಾಕುವವರಿಗೆಂದೇ ಮಾಡಿದ್ದು ತಗೊಳ್ಳಿ. ಒಳಗೆ 50 ನ್ಯೂಟನ್ ಅಂತ ಬರೆದಿರುತ್ತದೆ, ಅದು ತೇಲಿಸುವ ಬಲದ ಅಳತೆ. ಅಂಥ ಜಾಕೆಟ್ ಈಜು ಬರುವವರಿಗೆ ಆಸರೆ, ಪ್ರಜ್ಞೆ ತಪ್ಪಿದವರ ಮುಖವನ್ನು ಮೇಲೆ ತಿರುಗಿಸುವಂಥದ್ದಲ್ಲ. ಹಾಕಿಕೊಂಡು ಯಾರಿಂದಾದರೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಸಿ. ಕಿವಿಯ ತನಕ ಬಂದರೆ ಅಳತೆ ಸರಿಯಿಲ್ಲ. ಸೀಟಿ ಜಾಕೆಟ್ಟಿಗೇ ಕಟ್ಟಿರಲಿ, ಮೂರು ಸಲ ಊದಿದರೆ ಸಹಾಯ ಬೇಕು ಅಂತ. ತೇಲುವ ಹಗ್ಗ 15 ಮೀಟರ್, ಚೀಲದಲ್ಲಿ ಸಡಿಲವಾಗಿ ತುಂಬಿದ್ದು, ಕೈಗೆ ಸಿಗುವ ಹಾಗೆ.

ಮತ್ತೆ, ಮಗುಚಿ ಹತ್ತೋದನ್ನು ಮನೆ ಬಿಡುವ ಮುಂಚೆ ಕಲಿಯಿರಿ. ಆಳದ ನೀರಿನಲ್ಲಿ ದೋಣಿಯನ್ನು ಬೇಕೆಂದೇ ಮಗುಚಿ, ತಿರುಗಿಸಿ, ಒಬ್ಬರು ಒಂದು ಬದಿ ಹಿಡಿದು ಇನ್ನೊಬ್ಬರು ಎದುರು ಬದಿಯಿಂದ ಹತ್ತಬೇಕು. ಸಾಮಾನು ತುಂಬಿ ಒಮ್ಮೆ, ಖಾಲಿ ಒಮ್ಮೆ. ನಮ್ಮ ಊರಿನ ಕೆರೆಗಳಲ್ಲಿ ಅನುಮತಿಯಿಲ್ಲದೆ ಇಳಿಯುವ ಹಾಗಿಲ್ಲ, ಇಳಿಯುವಂಥ ನೀರೂ ಎಲ್ಲ ಕಡೆ ಇಲ್ಲ. ಮಂಚನಬೆಲೆ ಜಲಾಶಯಕ್ಕೆ ಹೋಗಿ ನೀವೇ ಪ್ರಯೋಗ ಮಾಡಬೇಡಿ, ಅಲ್ಲಿ ಮುಳುಗಿದವರ ಸುದ್ದಿ ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ. ಕ್ರೀಡಾ ಇಲಾಖೆಯ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯಲ್ಲಿ ಜಲಸಾಹಸ ತರಬೇತಿಯ ಬಗ್ಗೆ ವಿಚಾರಿಸಿ. ಇಲ್ಲವೇ ಹೊನ್ನೆಮರಡುವಿಗೆ ಹೋಗಿ ಅಲ್ಲಿನ ಜಲಸಾಹಸ ಕಲಿಸುವವರ ಹತ್ತಿರ ಕಲಿಯಿರಿ. ಅದೇ ಶರಾವತಿ ಹಿನ್ನೀರು, ಅವರ ದೋಣಿ, ಅವರ ಕಣ್ಣೆದುರು.

ಸಾಗರದ ಅಡಿಕೆ:

ಅಕ್ಕ ಹೇಳಿದ್ದು ಸರಿ. ಹಿನ್ನೀರಿನ ಎಲ್ಲ ದಂಡೆಯೂ ಒಂದೇ ಅಲ್ಲ ಅನ್ನೋದನ್ನೂ ಸೇರಿಸುತ್ತೇನೆ. ಕೆಲವು ಭಾಗ ವನ್ಯಜೀವಿಧಾಮದೊಳಗೆ ಬರುತ್ತದೆ. ಜಲಾಶಯ ವಿದ್ಯುತ್ ನಿಗಮದ್ದು. ಹೋಗುವ ದಾರಿ ಕಾಗದದ ಮೇಲೆ ಬರೆದುಕೊಂಡು ವಲಯ ಅರಣ್ಯ ಕಚೇರಿಯಲ್ಲಿ ಕೇಳಿ, ಒಪ್ಪಿದ ಜಾಗದಲ್ಲೇ ಮಲಗಿ. ಊರಿನ ಹತ್ತಿರ ಆದರೆ ಊರವರಿಗೂ ಒಂದು ಮಾತು ಹೇಳಿ. ನಾವು ಬೈಯಲ್ಲ, ಕಾಫಿ ಕೊಡುತ್ತೇವೆ. ಪ್ಲಾಸ್ಟಿಕ್ ಬಿಟ್ಟು ಹೋದರೆ ಬೈಯುತ್ತೇವೆ.

ಬಿಸಿಲಿನಲ್ಲಿ ದೋಣಿ ದಂಡೆಗೆ ಎಳೆದು ಊಟಕ್ಕೆ ಕೂತರೆ ಮೊದಲು ಸ್ವಲ್ಪ ಗಾಳಿ ಬಿಡಿ. ನೀರಿನ ತಂಪಿನಲ್ಲಿ ಸರಿಯಾಗಿದ್ದ ಒತ್ತಡ ಬಿಸಿಲಿಗೆ ಏರಿ ಹೊಲಿಗೆ ಬಿಚ್ಚುತ್ತದೆ. ರಾತ್ರಿ ದೋಣಿಯನ್ನು ಟೆಂಟಿನ ಹತ್ತಿರ ತಂದು ಮಗುಚಿ ಮರಕ್ಕೆ ಕಟ್ಟಿ. ದೋಣಿ ತೇಲಿ ಹೋದರೆ ನಡುಗಡ್ಡೆಯಲ್ಲಿ ನೀವಿಬ್ಬರೇ.

ಯಲಹಂಕದ ಅಲೆಮಾರಿ:

ಎಲ್ಲರಿಗೂ ಥ್ಯಾಂಕ್ಸ್. ಈಜು ನನಗೆ ಬರುತ್ತದೆ, ಅವಳಿಗೆ ಅಷ್ಟಕ್ಕಷ್ಟೆ. ಹಾಗಾಗಿ ಮೊದಲು ಈಜು, ಆಮೇಲೆ ಹೊನ್ನೆಮರಡು, ಅದಾದ ಮೇಲೆ ಮೂರು ಜನರ ಗಾಳಿ ದೋಣಿ. ಫೈಬರ್ ಸದ್ಯಕ್ಕೆ ಇಲ್ಲ. ದೋಣಿ ಕೊಳ್ಳುವ ಮುಂಚೆ ಯಾರ ಹತ್ತಿರವಾದರೂ ಇದ್ದರೆ ಗಾಳಿ ತುಂಬಿ, ಸಾಮಾನು ಇಟ್ಟು, ಕೂತು ನೋಡಬಹುದಾ? ನೀರು ಬೇಡ, ಟೆರೇಸ್ ಸಾಕು.

ಪಾರ್ಕಿಂಗ್ ಜಗಳ:

ಅಸೋಸಿಯೇಷನ್ ಕೇಳಿದರೆ ಮಕ್ಕಳ ಹುಟ್ಟುಹಬ್ಬ ಅನ್ನಿ.

ಸಾಗರದ ಅಡಿಕೆ:

ನನ್ನ ತಮ್ಮ ಬಾಗಲಗುಂಟೆಯಲ್ಲಿದ್ದಾನೆ, ಮೂರು ಸೀಟಿನದು ಅವನ ಮನೆಯಲ್ಲೇ ಇದೆ. ಭಾನುವಾರ ಬೆಳಿಗ್ಗೆ ತರಲು ಹೇಳುತ್ತೇನೆ. ಪಂಪ್ ಇದೆ, ಅದರ ಒತ್ತಡ ತೋರಿಸುವ ಮುಳ್ಳು ಕೆಟ್ಟಿದೆ. ನಿಮ್ಮ ಹತ್ತಿರ ಬೇರೆ ಇದ್ದರೆ ತೆಗೆದಿಟ್ಟಿರಿ. ಡ್ರಮ್ಮಿನ ಅಳತೆ ನೋಡೋಕೆ 30 ಲೀಟರ್‌ನದು ಒಂದು ಬೇಕು.

ಕನಕಪುರ ರಸ್ತೆ ಫೈಬರ್:

ಡ್ರಮ್ಮು ನಾನು ತರುತ್ತೇನೆ. ಟೇಬಲ್ ಫ್ಯಾನ್ ಒಂದು ಇಟ್ಟಿರಿ, ಗಾಳಿಯ ಮಾತು ಅಲ್ಲೇ ಮುಗಿಸೋಣ.